ವಾರಿಜಳ ಉಬ್ಬಸ, ನನ್ನ ಹೊಟ್ಟೆಕಿಚ್ಚು

ನನಗೆ ಒಂಬತ್ತು ವರ್ಷವಾಗಿದ್ದಾಗ ಬೊಂಬಾಯಿ ಹತ್ತಿರದ ಮಲಾಡ್‌ನ ನಮ್ಮ ಚಾಳಿನಲ್ಲಿ ಎಲ್ಲರಿಗೂ ಏನಾದರೊಂದು ಕಾಯಿಲೆ ಇತ್ತು, ನನ್ನೊಬ್ಬನನ್ನು ಬಿಟ್ಟು. ಅಜ್ಜಿಗೆ ಮಂಡಿನೋವು. ಅಮ್ಮನಿಗೆ ಅರೆತಲೆನೋವು. ಪಕ್ಕದ ಖೋಲಿಯ ಮರಾಠಿ ಕಾಕೂಗೆ ಹೆಸರು ಹೇಳಲೂ ಆಗದ, ನೆಟ್ಟಗೆ ಕೂರಲೂ ಆಗದ ಯಾವುದೋ ಒಂದು. ಫೋರ್ಟಿನ ಹಡಗಿನ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದ ಅಪ್ಪಯ್ಯನಿಗೆ ಬೆರಳಿನ ಗೆಣ್ಣುಗಳು ಬಾತು, ಸಂಜೆ ಅನ್ನ ಕಲೆಸುವಾಗ ಮುಖ ಹುಳ್ಳಗಾಗುತ್ತಿತ್ತು. ನನಗೆ ಮಾತ್ರ ಏನೂ ಇರಲಿಲ್ಲ. ತಿಂದದ್ದೆಲ್ಲ ಅರಗುತ್ತಿತ್ತು, ತಿನ್ನಬಾರದ್ದು ಕೂಡ. ಒಂದು ಸಲ ಸ್ಲೇಟಿನ ಬಳಪವನ್ನು ಅರ್ಧಕ್ಕರ್ಧ ತಿಂದು, ಈಗ ಏನಾದರೂ ಆಗುತ್ತದೆ ಎಂದು ಗೋಡೆಗೆ ಒರಗಿ ಕಾಯುತ್ತ ಕೂತಿದ್ದೆ. ಏನೂ ಆಗಲಿಲ್ಲ, ಹಸಿವಾಯಿತು ಅಷ್ಟೆ. ಇದಕ್ಕೆ ಆರೋಗ್ಯ ಅನ್ನುತ್ತಾರೆ ಎಂದು ಆಗ ನನಗೆ ಗೊತ್ತಿರಲಿಲ್ಲ. ಹಂಚುವವರು ನನ್ನ ಸರದಿ ಬಂದಾಗ ಮರೆತಿದ್ದಾರೆ ಎಂದೇ ತಿಳಿದಿದ್ದೆ.

ನಮ್ಮದು ಎರಡು ಖೋಲಿ. ಹೊರಗಿನದರಲ್ಲಿ ಒಂದು ಕಿಟಕಿ, ಕಿಟಕಿಯ ಕೆಳಗೆ ಅಪ್ಪಯ್ಯನ ಟ್ರಂಕು, ಟ್ರಂಕಿನ ಮೇಲೆ ಮಡಚಿಟ್ಟ ಹಾಸಿಗೆಗಳ ಗುಡ್ಡ. ಒಳಗಿನದು ಅಡಿಗೆಯದು, ಅದರ ಮೂಲೆಯಲ್ಲೇ ಮೊಣಕಾಲೆತ್ತರದ ಕಟ್ಟೆ ಕಟ್ಟಿದ ಮೋರಿ, ಅಲ್ಲೇ ಸ್ನಾನ, ಅಲ್ಲೇ ಪಾತ್ರೆ. ಅಜ್ಜಿ ಬೆಳಿಗ್ಗೆ ಮಡಿ ಉಟ್ಟು ಒಳಗೆ ಹೊಕ್ಕರೆ ಹತ್ತು ಗಂಟೆಯವರೆಗೆ ಆ ಖೋಲಿ ನಮ್ಮದಲ್ಲ. ನಾನು ಹೊಸ್ತಿಲಿನ ಈಚೆ ನಿಂತು ಕೈ ಚಾಚಬೇಕು, ಅಜ್ಜಿ ಆಚೆಯಿಂದ ತಿಂಡಿಯನ್ನು ಮೇಲಿನಿಂದ ಬಿಡಬೇಕು. ಅವಲಕ್ಕಿ ಬಿಟ್ಟ ದಿನ ಅರ್ಧ ನನ್ನ ಅಂಗೈಗೆ, ಅರ್ಧ ಇರುವೆಗಳಿಗೆ. ಇಷ್ಟರ ನಡುವೆ ಅಪ್ಪಯ್ಯ ಎಂಬ ಮನುಷ್ಯ ನನಗೆ ಸಿಗುತ್ತಿದ್ದದ್ದು ಬಹಳ ಕಡಿಮೆ. ಬೆಳಿಗ್ಗೆ ಅವರು ಎಂಟು ಹತ್ತರ ಲೋಕಲ್ ಹಿಡಿಯಲು ಮನೆಯಿಂದ ಹಾರಿ ಹೋಗುತ್ತಿದ್ದರು. ಅವರು ನಡೆಯುವುದೂ ಅಲ್ಲ, ಓಡುವುದೂ ಅಲ್ಲ. ಕೋಟಿನ ಚುಂಗು ಹಿಂದೆ ಹಾರುತ್ತಿತ್ತು, ಎರಡು ನಿಮಿಷಕ್ಕೆ ತಬೇಲಾದ ಎಮ್ಮೆಗಳ ಆಚೆ ಮಾಯ. ಸಂಜೆ ಬಂದವರು ಊಟ ಮಾಡಿ, ಗೋಡೆಗೆ ಒರಗಿ ಕಣ್ಣು ಮುಚ್ಚಿದರೆ ಮುಗಿಯಿತು. ಭಾನುವಾರ ಕನ್ನಡದವರ ರಾತ್ರಿಶಾಲೆಗೆ ಅರ್ಜಿ ಬರೆಯಲೋ, ಯಾರದೋ ಮನೆಗೆ ವರ ತೋರಿಸಲೋ ಹೋಗುತ್ತಿದ್ದರು. ಅವರು ನನ್ನ ಜೊತೆ ಮಾತಾಡುವುದಿಲ್ಲ ಎಂದು ನನಗೆ ದುಃಖವೇನೂ ಇರಲಿಲ್ಲ. ಅಪ್ಪಂದಿರು ಯಾರ ಜೊತೆಗೂ ಮಾತಾಡುವುದಿಲ್ಲ, ಅದು ಅವರ ಜಾತಿಯ ಗುಣ ಎಂದುಕೊಂಡಿದ್ದೆ. ವಾರಿಜ ಬರುವವರೆಗೆ.

ವಾರಿಜ ಕಟಪಾಡಿಯಲ್ಲಿದ್ದ ನನ್ನ ಅತ್ತೆಯ ಮಗಳು, ನನಗಿಂತ ಆರು ತಿಂಗಳಿಗೆ ದೊಡ್ಡವಳು. ಅವಳಿಗೆ ಉಬ್ಬಸ. ಮಳೆಗಾಲವಿಡೀ ಕೂತೇ ನಿದ್ದೆ ಮಾಡುತ್ತಿದ್ದಳಂತೆ. ಆಗ ಮಲಾಡ್ ಎಂದರೆ ಒಳ್ಳೆಯ ಹವೆಯ ಜಾಗ ಎಂದು ಹೆಸರಿತ್ತು. ಬೊಂಬಾಯಿಯ ದೊಡ್ಡ ಜನ ಗಾಳಿ ತಿನ್ನಲು ಇಲ್ಲಿಗೆ ಬರುತ್ತಿದ್ದರು. ನಮ್ಮ ಚಾಳಿನ ಗಾಳಿಯನ್ನು, ಅದರಲ್ಲೂ ತಬೇಲಾದ ಕಡೆಯಿಂದ ಬೀಸುವುದನ್ನು, ತಿನ್ನಲು ಯೋಗ್ಯ ಎಂದು ಯಾರು ಹೇಳಿದರೋ. ಅಂತೂ ಮಳೆ ನಿಂತ ಮೇಲೆ ಅತ್ತೆಯ ಗಂಡ ಅವಳನ್ನು ಕರೆತಂದು, ಒಂದು ಡಬ್ಬಿ ಉಪ್ಪಿನಕಾಯಿಯ ಸಮೇತ ಬಿಟ್ಟು ಹೋದರು. ಕಡ್ಡಿಯಂಥ ಹುಡುಗಿ, ಎರಡು ಜಡೆ, ಮಾತಾಡುವಾಗ ವಾಕ್ಯದ ನಡುವೆ ಒಮ್ಮೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದಳು. ಆ ನಿಲುಗಡೆಯಲ್ಲಿ ಇಡೀ ಮನೆ ಕೈಯಲ್ಲಿದ್ದ ಕೆಲಸ ಬಿಟ್ಟು ಅವಳ ಬಾಯಿ ನೋಡುತ್ತಿತ್ತು. ನಾನು ಒಂದೇ ಉಸಿರಿಗೆ ಇಪ್ಪತ್ತು ವಾಕ್ಯ ಹೇಳಿದರೂ ಯಾರೂ ನೋಡುತ್ತಿರಲಿಲ್ಲ.

ಸ್ಟೇಷನ್ ಹತ್ತಿರದ ಮರಾಠಿ ಡಾಕ್ಟರು ಅವಳ ಎದೆಗೆ ಕೊಳವೆ ಇಟ್ಟು ನೋಡಿ, ಔಷಧ ಸ್ವಲ್ಪವೇ ಕೊಟ್ಟು, ವೇಳಾಪಟ್ಟಿ ಉದ್ದಕ್ಕೆ ಬರೆದುಕೊಟ್ಟರು. ಬೆಳಿಗ್ಗೆ ಐದೂವರೆಗೆ ಏಳಬೇಕು, ಎದ್ದ ಕೂಡಲೇ ಬಿಸಿನೀರು. ದಿನಾ ಬೆಳಿಗ್ಗೆ ಮುಕ್ಕಾಲು ಗಂಟೆ ನಿಧಾನವಾಗಿ ನಡೆಯಬೇಕು, ನಾಲ್ಕು ಹೆಜ್ಜೆಗೆ ಉಸಿರು ಒಳಗೆ, ಆರು ಹೆಜ್ಜೆಗೆ ಹೊರಗೆ, ಮಾತಿಲ್ಲ. ಮೊಸರು ಬೇಡ, ತಣ್ಣನೆಯದು ಬೇಡ. ದೀಪ ಹಚ್ಚುವ ಮುಂಚೆ ಊಟ ಆಗಬೇಕು. ತಲೆ ಎತ್ತರಕ್ಕಿಟ್ಟು, ಕಿಟಕಿ ತೆರೆದಿಟ್ಟು ಮಲಗಬೇಕು. ಅಪ್ಪಯ್ಯ ಆ ಚೀಟಿಯನ್ನು ಆಫೀಸಿಗೆ ಒಯ್ದು, ಕನ್ನಡ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಟೈಪು ಮಾಡಿ ತಂದು ಗೋಡೆಗೆ ಅಂಟಿಸಿದರು. ನನ್ನ ಇಡೀ ಬಾಲ್ಯದಲ್ಲಿ ಅವರು ನನ್ನ ಹೆಸರನ್ನು ಒಂದು ಸಲವೂ ಟೈಪು ಮಾಡಿರಲಿಲ್ಲ. ಅಲ್ಲಿ ಮೇಲ್ಗಡೆ, ಕೆಳಗೆ ಗೆರೆ ಎಳೆದು, ವಾರಿಜ ಎಂದಿತ್ತು.

ಆ ಪಟ್ಟಿ ನಮ್ಮ ಮನೆಯನ್ನೇ ತಿರುವಿ ಹಾಕಿತು. ಕಿಟಕಿಯ ಕೆಳಗಿನ ನನ್ನ ಜಾಗ ಅವಳದಾಯಿತು, ನಾನು ಬಾಗಿಲ ಸಂದಿಗೆ ಬಂದೆ. ಎರಡು ತಲೆದಿಂಬು ಅವಳಿಗೆ, ನನಗೆ ಮಡಚಿದ ಧಾಬಳಿ. ನೀರು ಕಾಯಿಸುವ ಬಂಬಿನ ಬಿಸಿನೀರು ಮೊದಲು ಅವಳಿಗೆ, ಉಳಿದ ಉಗುರುಬೆಚ್ಚಗೆ ನನಗೆ. ಸಂಜೆ ಸೂರ್ಯ ಇನ್ನೂ ತಾಳೆಮರದ ನೆತ್ತಿಯಲ್ಲಿರುವಾಗಲೇ ಅಮ್ಮ ಅವಳಿಗೆ ತುಪ್ಪ ಹಾಕಿದ ಬಿಸಿ ಗಂಜಿ ಬಡಿಸುತ್ತಿದ್ದಳು. ನಾನು ಎದುರಿಗೆ ಕೂತು, ಎಂಟು ಗಂಟೆಗೆ ಬರಲಿರುವ ನನ್ನ ಅನ್ನಸಾರನ್ನು ನೆನೆಸಿಕೊಳ್ಳುತ್ತ, ಅವಳ ಚಮಚ ಎಷ್ಟು ಸಲ ಮೇಲೆ ಹೋಯಿತೆಂದು ನೋಡುತ್ತಿದ್ದೆ. ಅಜ್ಜಿಗೂ ಅಮ್ಮನಿಗೂ ದಿನಾ ಇದೇ ಜಗಳ. ಡಾಕ್ಟರು ಬರೆದದ್ದರಲ್ಲಿ ತಮ್ಮ ಕಷಾಯ ಇಲ್ಲ ಎಂದು ಅಜ್ಜಿಗೆ ಸಿಟ್ಟು. ಪಟ್ಟಿಯಲ್ಲಿ ಇಲ್ಲದ್ದನ್ನು ಕೊಡುವುದಿಲ್ಲ ಎಂದು ಅಮ್ಮ. ಕೊನೆಗೆ ಅಪ್ಪಯ್ಯ ಪಟ್ಟಿಯ ಕೆಳಗೆ ಪೆನ್ಸಿಲಿನಲ್ಲಿ ಕಷಾಯ ಎಂದು ಸೇರಿಸಿ ಇಬ್ಬರನ್ನೂ ಸುಮ್ಮನಾಗಿಸಿದರು. ಒಳ್ಳೆಮೆಣಸು, ಜೇಷ್ಠಮಧು, ಶುಂಠಿ ಕುದಿಯುವ ವಾಸನೆ ಬಂದರೆ ನನಗೆ ಇಂದಿಗೂ ಮೊದಲು ಹಸಿವಲ್ಲ, ಹೊಟ್ಟೆಕಿಚ್ಚೇ ಆಗುವುದು.

ಇದೆಲ್ಲವನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ನಡಿಗೆ. ಬೆಳಗಿನ ಹೊತ್ತು ಅಮ್ಮನಿಗೆ ನಳ್ಳಿಯ ಸರದಿ, ಅಜ್ಜಿಗೆ ಮಡಿ. ಹೇಗೂ ಸ್ಟೇಷನ್ನಿಗೆ ಹೋಗುತ್ತೇನಲ್ಲ, ನಾನೇ ಕರಕೊಂಡು ಹೋಗುತ್ತೇನೆ ಎಂದು ಅಪ್ಪಯ್ಯ ಅಂದರು. ತರಕಾರಿಗೆ ಸ್ಟೇಷನ್ ಬಜಾರಿಗೆ ಬರುವ ಅಮ್ಮ ಅವಳನ್ನು ಹಿಂದೆ ಕರೆತರುವುದು. ಮಾರನೆಯ ದಿನದಿಂದ ಅಪ್ಪಯ್ಯ ಏಳೂಕಾಲಿಗೇ ಹೊರಡತೊಡಗಿದರು. ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದರಲ್ಲಿ ವಾರಿಜಳ ಕೈ. ಗಾಳಿಯ ಹಾಗೆ ಹೋಗುತ್ತಿದ್ದ ಮನುಷ್ಯ ಈಗ ಉತ್ಸವಮೂರ್ತಿಯ ಹಾಗೆ, ನಿಂತು ನಿಂತು, ಕೆಳಗೆ ಬಗ್ಗಿ ಅವಳ ಮುಖ ನೋಡಿ, ಮತ್ತೆ ಹೆಜ್ಜೆ. ನಾನು ಗ್ಯಾಲರಿಯ ಕಟಾಂಜನದ ಸಂದಿಯಲ್ಲಿ ಮೂಗು ತೂರಿಸಿ ನಿಂತು ನೋಡುತ್ತಿದ್ದೆ. ಅವರು ಕಣ್ಮರೆಯಾಗಲು ಪೂರ್ತಿ ಹತ್ತು ನಿಮಿಷ ಬೇಕು. ಅಷ್ಟು ಹೊತ್ತು ಅಪ್ಪಯ್ಯ ಏನು ಹೇಳುತ್ತಿರಬಹುದು? ನಾನು ಕೇಳದೆ ಇದ್ದ ಅಷ್ಟೂ ಕತೆಗಳನ್ನು, ಹಡಗುಗಳ ಸುದ್ದಿಯನ್ನು, ತಾವು ಚಿಕ್ಕವರಿದ್ದಾಗಿನ ತಂಟೆಗಳನ್ನು ಅವಳಿಗೇ ಸುರಿಯುತ್ತಿದ್ದಾರೆ ಎಂದು ನನಗೆ ಖಾತ್ರಿ. ಒಂದು ದಿನ ಧೈರ್ಯ ಮಾಡಿ ಬಾಗಿಲಿಗೆ ಅಡ್ಡ ನಿಂತೆ.

"ಅಪ್ಪಯ್ಯ, ನಾನೂ ಬರ್ತೇನೆ."

"ನಿನಗೆ ಎಂತ ಆಗಿದೆ ವಾದಿ? ಗುಂಡುಕಲ್ಲಿನ ಹಾಗೆ ಇದ್ದಿ. ಹೋಗು, ಅಮ್ಮನಿಗೆ ನೀರು ಹಿಡಿದುಕೊಡು."

ವಾದಿರಾಜ ಎಂದು ಹೆಸರಿಟ್ಟು ವಾದಿ ಎಂದು ಮೊಟಕು ಮಾಡಿದ್ದ ಮನೆ ಅದು. ಆ ದಿನ ನೀರಿನ ಸಾಲಿನಲ್ಲಿ ನಿಂತು ಯೋಚಿಸಿದೆ. ಗುಂಡುಕಲ್ಲಿಗೆ ಬೆಳಗಿನ ನಡಿಗೆ ಇಲ್ಲ. ಹಾಗಾದರೆ ನಾನು ಗುಂಡುಕಲ್ಲಾಗಿ ಇರಬಾರದು.

ಮರುದಿನದಿಂದ ಕೆಮ್ಮತೊಡಗಿದೆ. ವಾರಿಜಳದನ್ನು ಚೆನ್ನಾಗಿ ಗಮನಿಸಿ ಕಲಿತ ಕೆಮ್ಮು: ಮೊದಲು ಹೆಗಲು ಮೇಲೆ, ಆಮೇಲೆ ಒಂದು ಸೀಟಿ, ವಾಕ್ಯದ ನಡುವೆ ನಿಲುಗಡೆ. ನಿಲುಗಡೆಯನ್ನು ನಾನು ಸ್ವಲ್ಪ ಉದ್ದ ಮಾಡಿದೆ, ಅವಳಿಗಿಂತ ಕಡಿಮೆಯಾಗಬಾರದಲ್ಲ. ಅಮ್ಮ ಹೆದರಿ ನನ್ನನ್ನು ಅದೇ ಡಾಕ್ಟರ ಹತ್ತಿರ ಒಯ್ದಳು. ಅವರು ಕೊಳವೆ ಇಟ್ಟು, ಎರಡು ಸಲ ಕೇಳಿ, ಈ ಹುಡುಗನ ಪುಪ್ಪುಸದಿಂದ ಗಿರಣಿಯ ಭೋಂಗಾ ಊದಿಸಬಹುದು ಎಂದು ಮರಾಠಿಯಲ್ಲಿ ಹೇಳಿ ನಕ್ಕರು. ಅಮ್ಮ ನಗಲಿಲ್ಲ. ಮನೆಗೆ ಬಂದು ವಿಷಯ ತಿಳಿಸಿದಾಗ ಅಜ್ಜಿಗೆ ಮಾತ್ರ ಬಹಳ ಸಂತೋಷವಾಯಿತು. ಎದೆಯಲ್ಲಿ ಏನೂ ಇಲ್ಲ ಅಂದರೆ ಹೊಟ್ಟೆಯಲ್ಲೇ ಇರಬೇಕು ಎಂದು ನಿರ್ಧರಿಸಿ, ಕಪಾಟಿನಿಂದ ಹರಳೆಣ್ಣೆಯ ಬಾಟ್ಲಿ ಇಳಿಸಿದರು. ನನಗೆ ಬೇಕಾಗಿದ್ದದ್ದು ಸ್ಟೇಷನ್ನಿಗೆ ಹೋಗುವ ದಾರಿ. ಸಿಕ್ಕಿದ್ದು ಚಾಳಿನ ಹಿಂದಿನ ಸಂಡಾಸಿಗೆ ಹೋಗುವ ದಾರಿ. ಆ ಭಾನುವಾರ ಅದನ್ನು ಎಷ್ಟು ಸಲ ಕ್ರಮಿಸಿದೆನೆಂದರೆ ಅಕ್ಕಪಕ್ಕದವರು ನನ್ನ ಕೈಗೇ ತಂಬಿಗೆ ಬಿಟ್ಟುಬಿಟ್ಟರು. ಸೋಮವಾರ ಅಪ್ಪಯ್ಯ ಎಂದಿನಂತೆ ವಾರಿಜಳ ಕೈ ಹಿಡಿದು ಹೋದರು.

ಕಾಯಿಲೆಯಿಂದ ಆಗಲಿಲ್ಲ, ಇನ್ನು ಬಲದಿಂದ ನೋಡೋಣ ಎಂದುಕೊಂಡೆ. ಸ್ಟೇಷನ್ ದಾರಿಯಲ್ಲಿ ಮರಾಠಿ ಹುಡುಗರ ಒಂದು ವ್ಯಾಯಾಮಶಾಲೆ ಇತ್ತು. ಶಾಲೆ ಎಂದರೆ ಒಂದು ತಗಡಿನ ಮಾಡು, ಮುಂದಿನ ಅಂಗಳದಲ್ಲಿ ಕೆಂಪು ಮಣ್ಣು, ಮಣ್ಣಿನ ನಡುವೆ ಮಲ್ಲಕಂಬ. ಹುಡುಗರು ಅದನ್ನು ಅಪ್ಪಿ ಹತ್ತಿ, ತುದಿಯಲ್ಲಿ ಹೊಟ್ಟೆಯ ಮೇಲೆ ಮಲಗಿ, ಕೈಕಾಲು ಬಿಟ್ಟು ತಿರುಗುತ್ತಿದ್ದರು. ದಾರಿಹೋಕರು ನಿಂತು ನೋಡುತ್ತಿದ್ದರು. ಅಪ್ಪಯ್ಯನೂ ವಾರಿಜಳೂ ದಿನಾ ಅದರ ಮುಂದೆಯೇ ಹಾದುಹೋಗುವವರು. ಅವರು ಹಾದು ಹೋಗುವ ಹೊತ್ತಿಗೆ ಸರಿಯಾಗಿ ಕಂಬದ ತುದಿಯಲ್ಲಿ ನಾನಿರಬೇಕು ಎಂದು ಲೆಕ್ಕ ಹಾಕಿದೆ. ಹದಿನೈದು ದಿನ ಸಾಯಂಕಾಲ ಅಲ್ಲಿಗೆ ಹೋಗಿ ಒಂದು ಮಾರು ಹತ್ತುವುದನ್ನು ಕಲಿತೆ. ಹುಡುಗರು ಹತ್ತುವ ಮೊದಲು ವಸ್ತಾದರು, ಅಂದರೆ ಅಲ್ಲಿಯ ಗುರುಗಳು, ಕಂಬಕ್ಕೆ ಚೂರು ಹರಳೆಣ್ಣೆ ಸವರುವುದನ್ನು ನೋಡಿದೆ. ನೋಡಿದ ಕೂಡಲೇ ನನ್ನ ತಲೆಗೆ ಎಲ್ಲ ಹೊಳೆಯಿತು. ನಮ್ಮ ಮನೆಯಲ್ಲಿ ಹಬ್ಬದ ದಿನ ಅಜ್ಜಿ ನೆತ್ತಿಯಿಂದ ಅಂಗಾಲಿನವರೆಗೆ ಎಣ್ಣೆ ಹಚ್ಚಿ, ಹೆಚ್ಚು ಎಣ್ಣೆ ಕುಡಿದ ಮೈಗೆ ಹೆಚ್ಚು ಬಲ ಎನ್ನುತ್ತಿದ್ದರು. ಇವರಿಗೂ ಆ ಗುಟ್ಟು ಗೊತ್ತು, ಆದರೆ ಮರಾಠಿಗರು ಎಣ್ಣೆಯಲ್ಲಿ ಸ್ವಲ್ಪ ಕೈ ಹಿಡಿತದವರು, ಕಂಬಕ್ಕೆ ಮುಟ್ಟಿಸಿ ಸುಮ್ಮನಾಗುತ್ತಾರೆ ಎಂದು ತೀರ್ಮಾನಿಸಿದೆ. ಉಡುಪಿ ಕಡೆಯವನು ಎಣ್ಣೆ ಹಚ್ಚಿಕೊಂಡರೆ ಹೇಗಿರುತ್ತದೆ ಎಂದು ತೋರಿಸಲು, ಹದಿನಾರನೆಯ ದಿನ ಬೆಳಿಗ್ಗೆ ಅಜ್ಜಿಯ ಬಾಟ್ಲಿಯನ್ನು ಚಡ್ಡಿಯ ಜೇಬಿಗೆ ಇಳಿಸಿ ಮನೆಯಿಂದ ಜಾರಿಕೊಂಡೆ.

ತಗಡಿನ ಮಾಡಿನ ಹಿಂದೆ ನಿಂತು ಅಷ್ಟನ್ನೂ ಮೈಗೆ ಸುರಿದುಕೊಂಡೆ. ಕಿವಿಯ ಹಿಂದೆ ಕೂಡ. ಲಂಗೋಟಿಯಲ್ಲಿ ಅಂಗಳಕ್ಕೆ ಬಂದಾಗ ವಸ್ತಾದರು ಇಷ್ಟು ಎಣ್ಣೆ ಯಾಕೋ ಮದ್ರಾಸಿ ಎಂದು ಕೂಗಿದ್ದು ಕೇಳಿಸಿತು. ದಾರಿಯ ತಿರುವಿನಲ್ಲಿ ಅಪ್ಪಯ್ಯನ ಟೊಪ್ಪಿ ಕಂಡಿತ್ತು, ಉತ್ತರ ಕೊಡಲು ಹೊತ್ತಿರಲಿಲ್ಲ. ಓಡಿಬಂದು ಕಂಬಕ್ಕೆ ನೆಗೆದೆ. ನೆಗೆದ ವೇಗಕ್ಕೆ ಮೇಲೆ ಹೋದದ್ದೇನೋ ನಿಜ, ಬಹುಶಃ ಅಷ್ಟು ಎತ್ತರ ನಾನು ಎಂದೂ ಹೋಗಿರಲಿಲ್ಲ. ಕಂಬವನ್ನು ಅಪ್ಪಿದೆ. ಕಂಬ ನನ್ನನ್ನು ಅಪ್ಪಲಿಲ್ಲ. ಬಾಣಲೆಗೆ ಬಿಟ್ಟ ಬೋಂಡದ ಹಾಗೆ ನಾನು ಮೆಲ್ಲನೆ, ಬಹಳ ಮೆಲ್ಲನೆ, ಮುಖದಲ್ಲಿ ಪೈಲ್ವಾನನ ಗಾಂಭೀರ್ಯ ಹೊತ್ತುಕೊಂಡೇ ಕೆಳಗೆ ಇಳಿಯತೊಡಗಿದೆ. ಇಳಿಯುತ್ತ ಕಂಬದ ಸುತ್ತ ಎರಡು ಸುತ್ತು ತಿರುಗಿದೆ. ತಿರುಗಿದಾಗಲೆಲ್ಲ ಅಪ್ಪಯ್ಯ ಕಾಣುತ್ತಿದ್ದರು, ಮರೆಯಾಗುತ್ತಿದ್ದರು. ಬುಡಕ್ಕೆ ಬಂದವನು ಕೆಂಪು ಮಣ್ಣಿನಲ್ಲಿ ಹೊರಳಿ ಎದ್ದಾಗ ಹಿಟ್ಟಿನಲ್ಲಿ ಅದ್ದಿದ ಬಾಳೆಕಾಯಿಯಂತಾಗಿದ್ದೆನಂತೆ. ಹಾಗೆ ಹೇಳಿದ್ದು ಆಮೇಲೆ ವಾರಿಜ. ಆಗ ಅವಳು ನಗುತ್ತಿದ್ದಳು. ನಮ್ಮ ಮನೆಗೆ ಬಂದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಹೊಟ್ಟೆ ಹಿಡಿದುಕೊಂಡು, ಅಪ್ಪಯ್ಯನ ಕೈಗೆ ಜೋತು ಬಿದ್ದು ನಕ್ಕಳು, ನಗು ನಿಲ್ಲಲಿಲ್ಲ, ನಿಲ್ಲಬೇಕಾದ ಕಡೆ ಸೀಟಿ ಶುರುವಾಯಿತು.

ಅಪ್ಪಯ್ಯ ಡಬ್ಬಿಯನ್ನು ಅಲ್ಲೇ ಬಿಟ್ಟರು. ಅವಳನ್ನು ಅಂಗಳದ ಕಟ್ಟೆಯ ಮೇಲೆ ಕೂರಿಸಿ, ಮುಂದಕ್ಕೆ ಬಾಗಿಸಿ, ಎದುರಿಗೆ ಮಣ್ಣಿನಲ್ಲೇ ಮಂಡಿಯೂರಿ, ಅವಳ ಎರಡೂ ಕೈ ಹಿಡಿದು ಮೆಲ್ಲಗೆ ಎಣಿಸತೊಡಗಿದರು. ಅವಳ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಕುತ್ತಿಗೆಯ ಗುಂಡಿ ಒಳಗೆ ಎಳೆದುಕೊಂಡು ಹೋಗುತ್ತಿತ್ತು. ನಾನು ಹತ್ತಿರ ಹೋದೆ, ಯಾರೂ ಹೋಗು ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಮೈತುಂಬ ಎಣ್ಣೆ, ಮಣ್ಣು. ಏನನ್ನೂ ಮುಟ್ಟುವ ಹಾಗಿರಲಿಲ್ಲ. ದೂರದಲ್ಲಿ ಎಂಟು ಹತ್ತು ಹೊರಟ ಸದ್ದು ಕೇಳಿತು. ಅಪ್ಪಯ್ಯ ತಲೆ ಎತ್ತಲಿಲ್ಲ, ಎಣಿಸುವುದನ್ನು ಬಿಡಲಿಲ್ಲ. ಬಹಳ ಹೊತ್ತಿನ ಮೇಲೆ ಸೀಟಿ ಇಳಿಯಿತು. ಅವಳನ್ನು ಎತ್ತಿಕೊಂಡು ಮನೆಗೆ ನಡೆದರು. ನಾನು ಡಬ್ಬಿ ಎತ್ತಿಕೊಂಡು ಹಿಂದೆ ಹೋದೆ. ಅದು ಕೈಯಿಂದ ಮೂರು ಸಲ ಜಾರಿತು. ಇದನ್ನು ಬರೆಯಲು ಇವತ್ತಿಗೂ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ಆ ದಾರಿಯಲ್ಲಿ ನನಗೆ ಹೆದರಿಕೆ ಇತ್ತು, ಪಶ್ಚಾತ್ತಾಪವೂ ಇತ್ತು, ಅವೆರಡರ ನಡುವೆ ಕೂಡ, ಅವರು ನನ್ನನ್ನು ಹೀಗೆ ಎತ್ತಿಕೊಂಡದ್ದು ಯಾವಾಗ ಎಂದು ನೆನಪು ಮಾಡಿಕೊಳ್ಳುತ್ತಿದ್ದೆ.

ಮನೆಯಲ್ಲಿ ಬಾಟ್ಲಿಯನ್ನು ಕೈಗೆಟುಕುವಲ್ಲಿ ಇಟ್ಟದ್ದಕ್ಕೆ ಅಮ್ಮ ಅಜ್ಜಿಯನ್ನು ಬೈದಳು, ಮಗನನ್ನು ಕೈಗೆಟುಕದ ಹಾಗೆ ಬಿಟ್ಟದ್ದಕ್ಕೆ ಅಜ್ಜಿ ಅಮ್ಮನನ್ನು ಬೈದರು. ಕಡಲೆಹಿಟ್ಟು ಹಾಕಿ ನನ್ನನ್ನು ಮೋರಿಯಲ್ಲಿ ಎರಡು ಸಲ ತಿಕ್ಕಿದರು. ಅಪ್ಪಯ್ಯನಿಂದ ಎರಡು ಏಟಾದರೂ ಬೀಳುತ್ತದೆ ಎಂದು ಕಾಯುತ್ತಿದ್ದೆ. ಹೊಡೆಯುವವರು ಮೊದಲು ರಟ್ಟೆಯನ್ನಾದರೂ ಹಿಡಿಯುತ್ತಾರಲ್ಲ. ಅವರು ಹೊಡೆಯಲಿಲ್ಲ. ಡಾಕ್ಟರು ಬಂದು ಹೋದ ಮೇಲೆ ಮಧ್ಯಾಹ್ನದ ಗಾಡಿಗೆ ಹೊರಟರು, ನನ್ನ ಕಡೆ ನೋಡಲೂ ಇಲ್ಲ.

ಸಾಯಂಕಾಲ ವಾರಿಜ ಎರಡು ದಿಂಬಿಗೆ ಒರಗಿ ಕೂತಿದ್ದಳು. ಅಮ್ಮ ಗಂಜಿ ತರಲು ಒಳಗೆ ಹೋದಾಗ ನನ್ನನ್ನು ಕಣ್ಣಲ್ಲೇ ಕರೆದಳು.

"ನೀನು ಮಾವನಿಗೆ ತೋರಿಸ್ಲಿಕ್ಕೆ ಹತ್ತಿದ್ದಲ್ವಾ?"

"ಇಲ್ಲಪ್ಪ. ವಸ್ತಾದರು ಹತ್ತು ಅಂದ್ರು."

"ಸುಳ್ಳು. ನನಗೆ ಗೊತ್ತುಂಟು." ನಿಂತು ಉಸಿರು ಎಳೆದುಕೊಂಡಳು. "ಊರಲ್ಲಿ ನನ್ನ ತಂಗಿ ಅಂಗಳದಲ್ಲಿ ಓಡ್ತಾಳೆ. ಅಪ್ಪ ಅವಳನ್ನು ಹಿಡೀಲಿಕ್ಕೆ ಹಿಂದೆ ಓಡ್ತಾರೆ. ನನ್ನ ಹಿಂದೆ ಯಾರು ಓಡಿದ್ದಾರೆ ಹೇಳು? ಒಂದು ದಿನ ಅವಳ ಕಾಲಿಗೆ ಅಡ್ಡ ಕೋಲು ಇಟ್ಟೆ. ಹಲ್ಲು ಮುರೀತು."

ಇದನ್ನು ಹೇಳುವಾಗ ಅವಳ ಮುಖದಲ್ಲಿ ಪಶ್ಚಾತ್ತಾಪ ಅಷ್ಟೇನೂ ಇರಲಿಲ್ಲ. ನನಗೆ ಮೊದಲ ಸಲ ಅವಳ ಮೇಲೆ ಗೌರವ ಹುಟ್ಟಿತು. ಜೊತೆಗೇ ಹೊಸದೊಂದು ಕಿಚ್ಚು: ಹೊಟ್ಟೆಕಿಚ್ಚುಪಡುವ ಈ ಒಂದು ವಿದ್ಯೆಯಲ್ಲಾದರೂ ನಾನು ಮುಂದಿದ್ದೇನೆ ಎಂದುಕೊಂಡಿದ್ದೆ. ಅಪ್ಪಯ್ಯ ಬಂದ ಮೇಲೆ ಅವಳು, ವಾದಿಯನ್ನೂ ನಮ್ಮ ಜೊತೆ ಕರಕೊಳ್ಳುವ ಮಾವ, ಇಲ್ಲದಿದ್ದರೆ ಅವ ಇನ್ನೊಂದು ಕಂಬ ಹುಡುಕ್ತಾನೆ ಎಂದಳು. ಅಪ್ಪಯ್ಯ ಸ್ವಲ್ಪ ಯೋಚಿಸಿ ಬರಲಿ ಎಂದರು. ನನಗೆ ಬೇಕಾದ್ದು ಕೊನೆಗೂ ಸಿಕ್ಕಿತು, ಅವಳ ಶಿಫಾರಸಿನಿಂದ.

ಆ ನಡಿಗೆಯಲ್ಲಿ ಏನಿತ್ತು ಎಂದು ಕೇಳಿದರೆ ಏನೂ ಇರಲಿಲ್ಲ. ಕತೆ ಇಲ್ಲ, ಹಡಗಿಲ್ಲ. ನಾಲ್ಕು ಹೆಜ್ಜೆಗೆ ಉಸಿರು ಒಳಗೆ, ಆರಕ್ಕೆ ಹೊರಗೆ. ಅಪ್ಪಯ್ಯ ಬೆರಳಿನಿಂದ ಅವಳ ಅಂಗೈ ಮೇಲೆ ತಾಳ ಹಾಕುತ್ತಿದ್ದರು, ಟೈಪು ಮಾಡಿದ ಹಾಗೆ. ಮಾತೆಲ್ಲ ಅಲ್ಲೇ. ದಾರಿ ಕಿರಿದು, ಒಂದು ಬದಿ ಕೆಸರಿನ ಕಾಲುವೆ; ಮೂವರು ಸಾಲಾಗಿ ಹೋಗಲು ಜಾಗವಿಲ್ಲದೆ ನಾನು ಹಿಂದೆ. ನಾನೂ ಎಣಿಸಿದೆ. ಎಣಿಸುತ್ತ ಎಮ್ಮೆಗೆ ಡಿಕ್ಕಿ ಹೊಡೆದೆ. ಹೀಗಿದ್ದರೂ ಆ ಮುಕ್ಕಾಲು ಗಂಟೆಗಾಗಿ ನಾನು ಐದೂವರೆಗಿಂತ ಮೊದಲೇ ಎದ್ದು ಕೂರುತ್ತಿದ್ದೆ. ಆಮೇಲೊಮ್ಮೆ ವಾರಿಜಳಿಗೆ ಜ್ವರ ಬಂದು ಮೂರು ದಿನ ಹೊರಗೆ ಹೋಗಬಾರದೆಂದಾಯಿತು. ಅವಳಿಗೆ ಜ್ವರ ಬಂದದ್ದಕ್ಕೆ ನಾನು ಕಾರಣನಲ್ಲ, ಆದರೆ ಬೇಸರಪಟ್ಟೆ ಎಂದೂ ಹೇಳಲಾರೆ. ಮೂರು ದಿನ ಅಪ್ಪಯ್ಯ ನನ್ನೊಬ್ಬನವರು. ಮೊದಲ ದಿನ ಅವರು ಏಳೂಕಾಲಿಗಲ್ಲ, ಎಂಟಕ್ಕೆ ಐದು ನಿಮಿಷ ಇರುವಾಗ ಹೊರಟರು. ಬರುತ್ತೀಯಾದರೆ ಬಾ ಎಂದರು, ಚಪ್ಪಲಿ ಮೆಟ್ಟಿದರು, ಹೋದರು. ನಾನು ಓಡಿದೆ. ತಬೇಲಾದವರೆಗೆ ಕೋಟಿನ ಚುಂಗು ಕಂಡಿತು, ಆಮೇಲೆ ಅದೂ ಇಲ್ಲ. ಗುಂಡುಕಲ್ಲಿಗಾಗಿ ಯಾರೂ ನಿಧಾನವಾಗಿ ನಡೆಯುವುದಿಲ್ಲ ಎಂದು ಆಗ ತಿಳಿಯಿತು. ಆ ನಿಧಾನ ಬೇಕೆಂದರೆ ವಾರಿಜ ಬೇಕು.

ಅಂದಿನಿಂದ ಗೋಡೆಯ ಪಟ್ಟಿಗೆ ನನ್ನಷ್ಟು ಕಟ್ಟುನಿಟ್ಟಿನ ಕಾವಲುಗಾರ ಇನ್ನೊಬ್ಬನಿರಲಿಲ್ಲ. ಐದೂವರೆಗೆ ಅವಳ ಜಡೆ ಹಿಡಿದು ಎಬ್ಬಿಸುತ್ತಿದ್ದೆ. ಬಿಸಿನೀರನ್ನು ಹೊಸ್ತಿಲಿನಿಂದ ನಾನೇ ತೆಗೆದುಕೊಂಡು ಬಂದು, ಕೊನೆಯ ಗುಟುಕಿನವರೆಗೆ ಎದುರಿಗೆ ನಿಲ್ಲುತ್ತಿದ್ದೆ. ಕಷಾಯವನ್ನು ಅವಳು ಕಿಟಕಿಯಿಂದ ಚೆಲ್ಲದಿರಲು, ನನ್ನ ಲೋಟದಲ್ಲೂ ಹಾಕಿಸಿಕೊಂಡು ಇಬ್ಬರೂ ಒಟ್ಟಿಗೆ ಕುಡಿಯುವ ಪಂದ್ಯ ಶುರು ಮಾಡಿದೆ. ಸಂಜೆ ದೀಪದ ಮುಂಚೆ ಊಟ, ಅವಳ ಜೊತೆ ನನ್ನದೂ. ಯಾರಾದರೂ ಅವಳ ಹತ್ತಿರ ಕಸ ಗುಡಿಸಿದರೆ ನಾನು ಅಜ್ಜಿಯ ಹಾಗೆ ಕೂಗುತ್ತಿದ್ದೆ. ಡಾಕ್ಟರು ಬೆನ್ನು ತಟ್ಟಿದರು. ಇಂಥ ತಮ್ಮ ಯಾರಿಗುಂಟು ಎಂದು ಅಜ್ಜಿ ಚಾಳಿಗೆಲ್ಲ ಸಾರಿದರು. ನಾನು ತಲೆ ತಗ್ಗಿಸಿ ಹೊಗಳಿಕೆ ತೆಗೆದುಕೊಂಡೆ. ನನಗೆ ಬೇಕಾದದ್ದು ಅವಳು ನಡೆಯುವಷ್ಟು ಗಟ್ಟಿ ಇರುವುದು, ಅದಕ್ಕಿಂತ ಹೆಚ್ಚು ಬೇಡ ಎಂಬುದನ್ನು ಯಾರಿಗೆ ಹೇಳಲಿ?

ಆದರೆ ಅವಳು ಅದಕ್ಕಿಂತ ಹೆಚ್ಚು ಗಟ್ಟಿಯಾಗತೊಡಗಿದಳು. ಸಂಕ್ರಾಂತಿಯ ಹೊತ್ತಿಗೆ ವಾಕ್ಯದ ನಡುವೆ ನಿಲ್ಲುವುದು ಬಿಟ್ಟಳು. ಹೋಳಿಯ ಹೊತ್ತಿಗೆ ಕೆನ್ನೆ ಬಂತು. ಏಳೂಕಾಲಿಗೆ ಹೊರಡುತ್ತಿದ್ದದ್ದು ಏಳೂವರೆಗೆ ಬಂತು, ಆಮೇಲೆ ಮುಕ್ಕಾಲಿಗೆ. ನಾನು ಕೈಯಾರೆ ಕುಡಿಸಿದ ಕಷಾಯ ನನ್ನ ದಾರಿಯನ್ನೇ ದಿನಾ ಇಷ್ಟಿಷ್ಟು ಕತ್ತರಿಸುತ್ತಿತ್ತು. ಒಂದು ಸಂಜೆ ಬಟ್ಟಲಿಗೆ ತಣ್ಣನೆಯ ಹುಳಿಮೊಸರು ಹಾಕಿ, ಮೇಲೆ ಸಕ್ಕರೆ ಉದುರಿಸಿ ಅವಳ ಮುಂದೆ ಹಿಡಿದೆ. ಯಾರೂ ಇರಲಿಲ್ಲ. ಅವಳು ಬಟ್ಟಲು ನೋಡಿದಳು, ನನ್ನನ್ನು ನೋಡಿದಳು. ಆರು ತಿಂಗಳಿಂದ ಮೊಸರು ಕಾಣದವಳು, ಬಾಯಲ್ಲಿ ನೀರು ಬಂದದ್ದು ನನಗೆ ಕಾಣುತ್ತಿತ್ತು. ನೀನು ಕೊಟ್ಟರೆ ತಿನ್ತೇನೆ ಎಂದಳು. ನೀನು ಕೊಟ್ಟರೆ ಎಂದು ಬೇರೆ ಹೇಳಿದಳು. ನಾನು ಗೋಡೆಯ ಕಡೆ ತಿರುಗಿ ಅಷ್ಟನ್ನೂ ನಾನೇ ತಿಂದೆ. ಅಷ್ಟು ಕಹಿಯಾದ ಮೊಸರನ್ನು ಆಮೇಲೆ ನಾನು ತಿಂದಿಲ್ಲ.

ಶಾಲೆಗೆ ಬೇಸಗೆ ರಜೆ ಹತ್ತಿರವಾಗಿತ್ತು, ಅವಳ ಅಪ್ಪ ಕರೆದುಕೊಂಡು ಹೋಗಲು ಬರುತ್ತೇನೆಂದು ಕಾಗದ ಬರೆದಿದ್ದರು. ಆ ಬೆಳಿಗ್ಗೆ ನಾವು ಎಂಟು ಗಂಟೆಗೆ ಐದು ನಿಮಿಷ ಇರುವಾಗ ಹೊರಟೆವು. ಅವಳೀಗ ಅಪ್ಪಯ್ಯನ ಸಮಕ್ಕೆ ನಡೆಯುತ್ತಿದ್ದಳು. ಕೈ ಹಿಡಿಯುವ ಅಗತ್ಯ ಇರಲಿಲ್ಲ, ಆದರೂ ಹಿಡಿದಿದ್ದರು, ಬೀಸಿಕೊಂಡು ಹೋಗುತ್ತಿದ್ದರು. ಮಾತು ಕೂಡ ಶುರುವಾಗಿತ್ತು. ಏನೋ ಹೇಳಿ ಅಪ್ಪಯ್ಯ ನಕ್ಕರು. ನನಗೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಅದು ಕೇಳಿಸಲಿಲ್ಲ. ಓಡಿದರೆ ಸೇರಬಹುದಿತ್ತು. ಓಡಲಿಲ್ಲ. ಅವರಿಗೇ ಗೊತ್ತಾಗಲಿ, ತಿರುಗಿ ನೋಡಲಿ ಎಂದು ನಿಂತುಬಿಟ್ಟೆ. ನೋಡಲಿಲ್ಲ. ಇನ್ನಷ್ಟು ಹೊತ್ತು ನಿಂತೆ. ಅವರು ರೈಲು ಹಳಿಯ ಫಾಟಕ್ ದಾಟಿದರು, ಸ್ಟೇಷನ್ ಅದರಾಚೆ. ಗಂಟೆ ಬಡಿಯಿತು, ಫಾಟಕಿನವ ಅಡ್ಡಮರ ಇಳಿಸಿದ. ಆಗ ಓಡಿದೆ. ಅಡ್ಡಮರಕ್ಕೆ ಎದೆ ತಾಗಿಸಿ ನಿಲ್ಲುವುದಕ್ಕೂ ಗೂಡ್ಸ್ ಗಾಡಿ ಬರುವುದಕ್ಕೂ ಸರಿಹೋಯಿತು.

ಅಷ್ಟು ಉದ್ದದ ಗಾಡಿಯನ್ನು ನಾನು ಎಂದೂ ನೋಡಿರಲಿಲ್ಲ. ಕಲ್ಲಿದ್ದಲಿನ ಡಬ್ಬಿ, ಎಣ್ಣೆಯ ಡಬ್ಬಿ, ಮತ್ತೆ ಕಲ್ಲಿದ್ದಲು. ಡಬ್ಬಿ ಡಬ್ಬಿಗಳ ನಡುವಿನ ಸಂದಿಯಲ್ಲಿ ಆಚೆ ಬದಿ ಕಣ್ಣು ಮಿಟುಕಿಸಿದ ಹಾಗೆ ಕಂಡು ಹೋಗುತ್ತಿತ್ತು, ಒಂದು ಸೈಕಲ್ಲು, ಯಾರದೋ ಕೊಡೆ, ಬಿಳಿ ಗೋಡೆ. ಅದರಾಚೆ ಎಂಟು ಹತ್ತು ಪ್ಲಾಟ್‌ಫಾರ್ಮಿಗೆ ಬಂದ ಸದ್ದು ಕೇಳಿತು. ಅಪ್ಪಯ್ಯ ಹೋದರು, ನನ್ನನ್ನು ಬಿಟ್ಟದ್ದು ಅವರಿಗೆ ಫೋರ್ಟ್ ತಲುಪಿದ ಮೇಲೂ ತಿಳಿಯುವುದಿಲ್ಲ ಎಂದುಕೊಂಡೆ. ಯಾರೂ ನೋಡುತ್ತಿಲ್ಲ ಎಂದು ಬಾಯಿ ಬಿಟ್ಟೇ ಅತ್ತೆ. ಗಾಡಿಯ ಸದ್ದಿಗೆ ನನ್ನ ಅಳು ನನಗೇ ಕೇಳಿಸಲಿಲ್ಲ. ಕೊನೆಯ ಡಬ್ಬಿ ದಾಟಿತು. ಆಚೆ ಬದಿಯ ಅಡ್ಡಮರಕ್ಕೆ ಹೊಟ್ಟೆ ತಾಗಿಸಿ ಅಪ್ಪಯ್ಯ ನಿಂತಿದ್ದರು. ಪಕ್ಕದಲ್ಲಿ ವಾರಿಜ. ಅವರ ಬೆನ್ನ ಹಿಂದೆ ಎಂಟು ಹತ್ತು ಹೊರಟು ಹೋಗುತ್ತಿತ್ತು. ಅಪ್ಪಯ್ಯ ಅದರ ಕಡೆ ತಿರುಗಲಿಲ್ಲ. ಅಡ್ಡಮರ ಮೇಲೇಳುವ ಮೊದಲೇ ನಾನು ಅದರಡಿ ನುಸುಳಿದೆ.

"ಓಡ್ಬೇಡ ವಾದಿ," ಎಂದು ಅವರು ಕೂಗಿದರು. "ನಿಧಾನ ಬಾ. ನಾವು ಇಲ್ಲೇ ಇದ್ದೇವೆ."

ನಾನು ನಿಧಾನ ಮಾಡಿದೆ. ಎರಡೂ ಬದಿಯಲ್ಲಿ ಎತ್ತಿನಗಾಡಿ, ಸೈಕಲ್ಲು, ಹಾಲಿನವರು ತುಂಬಿಕೊಂಡಿದ್ದರು, ಫಾಟಕಿನವ ಬೇಗ ಹೋಗೋ ಎಂದು ಹಿಂದಿಯಲ್ಲಿ ಬೈಯುತ್ತಿದ್ದ. ನಾನು ಒಂದೊಂದು ಹಳಿಯ ಮುಂದೆಯೂ ನಿಂತು, ನಾಲ್ಕು ಹೆಜ್ಜೆಗೆ ಉಸಿರು ಒಳಗೆ, ಆರಕ್ಕೆ ಹೊರಗೆ ಬಿಡುತ್ತ, ಅಪ್ಪಯ್ಯ ಕಾಯುತ್ತಿರುವುದನ್ನು ನೋಡಿಕೊಂಡು, ಎಷ್ಟು ಸಾವಕಾಶವಾಗಿ ದಾಟಬಹುದೋ ಅಷ್ಟು ಸಾವಕಾಶವಾಗಿ ದಾಟಿದೆ.